ಅವತ್ತು ಕೇಳಿದ್ದು

ಊಟಿ
11 ಜೂನ್ 2023, ಭಾನುವಾರ

ಗೌರಿಗೆ,

ಚೆನ್ನಾಗಿ ತಲುಪಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಆದರೆ ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನಿಗೆ ಸುಮ್ಮನೆ ಕೂತು ಘಾಟಿ ಹತ್ತುವುದು ಕಷ್ಟ. ಗೂಡಲೂರು ದಾಟಿದ ಮೇಲೆ ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಪಕ್ಕದಲ್ಲಿದ್ದವನು ನೋಡಿ ನೋಡಿ, "ಯಾಕ್ ಸಾ, ಕಾಲ್ ನೋವಾ?" ಅಂತ ಕೇಳಿದ.

ನೀನು ಹೇಳಿದ ಹಾಗೆ ಪತ್ರವನ್ನೇ ಬರೆಯುತ್ತಿದ್ದೇನೆ. ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ, "ಫೋನಲ್ಲಾದ್ರೆ ಊಟ ಆಯ್ತಾ, ತಿಂಡಿ ಆಯ್ತಾ ಅಷ್ಟೇ ರೀ. ಬರೀರಿ, ನಾನೂ ಬರೀತೀನಿ" ಅಂದೆಯಲ್ಲ, ಬಂಡೀಪುರದ ಚೆಕ್‌ಪೋಸ್ಟಿನ ತನಕ ಅದನ್ನೇ ನೆನೆಸಿಕೊಂಡು ನಗುತ್ತಿದ್ದೆ. ಮದುವೆಯಾದ ಹೊಸದರಲ್ಲಿ ನನ್ನನ್ನು ಚಾಮರಾಜನಗರಕ್ಕೆ ಹಾಕಿದ್ದಾಗ ಬರೆದುಕೊಳ್ಳುತ್ತಿದ್ದೆವು. ಐವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಆಸೆಯಾಯಿತೇ ನಿನಗೆ? ಇರಲಿ. ನನ್ನದೂ ಬಟನ್ ಫೋನು, ಅದರಲ್ಲಿ ಟೈಪು ಮಾಡುವಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತದೆ. ಟೂರಿಸ್ಟುಗಳಿಗೆ ರೂಮು ಕೊಡುವ ಬುಕಿಂಗನ್ನೆಲ್ಲ ಟ್ಯಾಕ್ಸಿ ಸ್ಟ್ಯಾಂಡಿನ ರಾಹುಲ್ ನೋಡಿಕೊಳ್ಳುತ್ತಾನೆ. ಕಂಪ್ಯೂಟರಿನಲ್ಲಿ ನಮ್ಮ ಮನೆಯ ಫೋಟೋ ಹಾಕಿದ್ದಾನಂತೆ.

ಮನೆ ನೀನು ರಿಜಿಸ್ಟ್ರೇಷನ್ ದಿನ ನೋಡಿದ ಹಾಗೇ ಇದೆ. ಬಣ್ಣ ಹೊಡೆಸಿದ್ದೇನೆ. ಎರಡು ರೂಮು, ಹಾಲು, ಮುಂದೆ ಕೂರಲು ಜಗಲಿ. ಜಗಲಿಯಲ್ಲಿ ಕೂತರೆ ಕೆಳಗೆ ಬಸ್ ಸ್ಟ್ಯಾಂಡು ಕಾಣುತ್ತದೆ. ರಾತ್ರಿ ಹಾಲ್ಟ್ ಇದ್ದಾಗ ಅಲ್ಲೇ ತಾನೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿಕೊಂಡು ಮಲಗಿರುತ್ತಿದ್ದದ್ದು? ಮಲಗಿಕೊಂಡೇ ಈ ಗುಡ್ಡದ ದೀಪಗಳನ್ನು ನೋಡುತ್ತಿದ್ದೆ. ಈಗ ಈ ಕಡೆಯಿಂದ ಆ ಕಡೆ ನೋಡುತ್ತಿದ್ದೇನೆ. ಇದನ್ನು ನಿನಗಲ್ಲದೆ ಇನ್ನು ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಪಕ್ಕದ ಮನೆಯವರು ಬೆಟ್ಟಸ್ವಾಮಿ ಮತ್ತು ಶಾಂತಿ. ಬೆಟ್ಟಸ್ವಾಮಿ ನಮ್ಮ ಬದನವಾಳಿನ ಕಡೆಯವನೇ. ಹುಡುಗನಾಗಿದ್ದಾಗ ಕ್ಯಾರೆಟ್ ತೋಟದ ಕೂಲಿಗೆ ಬಂದವನು ಇಲ್ಲೇ ಉಳಿದುಬಿಟ್ಟನಂತೆ. ಮೊದಲ ದಿನವೇ ಸೊಪ್ಪಿನ ಸಾರು ತಂದುಕೊಟ್ಟು, "ನಮ್ ಕಡೆ ಮಾತು ಕೇಳಿ ಎಷ್ಟ್ ವರ್ಸ ಆಗಿತ್ತು ಸ್ವಾಮೇರಾ" ಅಂದ.

ನಿನ್ನ ರಿಟೈರ್‌ಮೆಂಟಿಗೆ ಇನ್ನು ಮೂರು ವರ್ಷ. ಅಲ್ಲಿಯವರೆಗೆ ಬಂದ ಬಾಡಿಗೆ ಬ್ಯಾಂಕಿನ ಸಾಲಕ್ಕೆ. ಆಮೇಲೆ ಬೋರ್ಡು ಕಿತ್ತುಹಾಕಿ ನಾವೇ ಇರೋಣ. ನಂಜನಗೂಡಿನ ಮನೆ ಕೊಟ್ಟದ್ದಕ್ಕೆ ನಿನಗೆ ಒಳಗೊಳಗೇ ಬೇಜಾರಿದೆ, ಗೊತ್ತು. ಜಗಲಿಯಲ್ಲಿ ಒಂದು ಸಲ ಕೂತು ಕಾಫಿ ಕುಡಿ, ಆಮೇಲೆ ಹೇಳು.

ನಿನ್ನ
ಗಂಗಾಧರಸ್ವಾಮಿ


ತಿ. ನರಸೀಪುರ
25 ಜೂನ್ 2023

ಇವರಿಗೆ,

ನಿಮ್ಮ ಪತ್ರ ಬಂತು. ಎರಡು ಸಲ ಓದಿದೆ. ಬ್ರೇಕಿನ ವಿಷಯ ಓದಿ ಒಬ್ಬಳೇ ನಕ್ಕೆ.

ನನಗೆ ಸಿಕ್ಕಿರುವ ರೂಮು ಸಂಗಮಕ್ಕೆ ಹೋಗುವ ದಾರಿಯಲ್ಲಿದೆ. ಮಾಲೀಕರು ಒಳ್ಳೆಯವರು, ಹೆಚ್ಚು ಮಾತಾಡಿಸುವುದಿಲ್ಲ. ಬೆಳಿಗ್ಗೆ ಹೆಮ್ಮಿಗೆ ಕಡೆಯ ಬಸ್ಸು ಹಿಡಿದರೆ ಪ್ರಾರ್ಥನೆಯ ಹೊತ್ತಿಗೆ ಶಾಲೆ. ನಂಜನಗೂಡಿನಿಂದ ದಿನಾ ಓಡಾಡುತ್ತಿದ್ದ ಸುಸ್ತು ಇಲ್ಲ. ಮನೆ ಮಾರಿದ್ದಕ್ಕೆ ನನಗೆ ಬೇಜಾರೇನೂ ಇಲ್ಲ. ನೀವು ಅಷ್ಟು ವರ್ಷ ಸೀಟಿನ ಮೇಲೆ ಮಲಗಿ ನೋಡಿದ ದೀಪ ಅದು. ನನಗೂ ಆ ಜಗಲಿಯ ಮೇಲೆ ಆಸೆ ಇಲ್ಲದೆ ಸಹಿ ಹಾಕಲಿಲ್ಲ.

ಶಾಲೆಯಲ್ಲಿ ಈ ವರ್ಷ ಹೊಸದೊಂದು ಪದ್ಧತಿ ಶುರುಮಾಡಿದ್ದೇನೆ. ಮಕ್ಕಳು ಏನೇ ಕೇಳಬೇಕಿದ್ದರೂ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡಬೇಕು. ನಾನು ಒಂದೊಂದಾಗಿ ತೆಗೆದು ಉತ್ತರ ಹೇಳುತ್ತೇನೆ. ಬಾಯಿ ಬಿಡಲು ನಾಚಿಕೊಳ್ಳುವ ಹೆಣ್ಣುಮಕ್ಕಳೂ ಈಗ ಪ್ರಶ್ನೆ ಕೇಳುತ್ತಿದ್ದಾರೆ. ನಮ್ಮ ಹೆಡ್‌ಮಾಸ್ಟರ್ ಅಮೃತೇಶ್ ಅವರು, "ಮೇಡಂ, ಇದನ್ನ ಬೇರೆ ಟೀಚರ್‌ಗೂ ಹೇಳ್ಕೊಡಿ" ಅಂದರು. ತರಗತಿ ತುಂಬಾ ನಿಶ್ಶಬ್ದವಾಗಿದೆ.

ಅಲ್ಲಿ ಚಳಿ ಜಾಸ್ತಿ. ತಲೆಗೆ ಮಫ್ಲರ್ ಸುತ್ತಿಕೊಳ್ಳದೆ ಹೊರಗೆ ಹೋಗಬೇಡಿ. ದಸರಾ ರಜೆಗೆ ನಾನು ಬರುತ್ತೇನೆ. ಅಷ್ಟು ದಿನವೂ ಅಲ್ಲೇ ಇರುತ್ತೇನೆ. ಬೆಟ್ಟಸ್ವಾಮಿ, ಶಾಂತಿ ಇಬ್ಬರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಮಂಗಳಗೌರಿ


ಊಟಿ
8 ಅಕ್ಟೋಬರ್ 2023

ಗೌರಿಗೆ,

ನಿನ್ನ ಎರಡು ಪತ್ರಕ್ಕೂ ಸೇರಿಸಿ ಇದೊಂದೇ ಉತ್ತರ. ಪುರುಸೊತ್ತೇ ಆಗಲಿಲ್ಲ.

ದಸರೆಗೆ ಬರುವುದು ಬೇಡ. ಕೋಪ ಮಾಡಿಕೊಳ್ಳಬೇಡ. ರಾಹುಲ್ ಎರಡೂ ರೂಮನ್ನು ರಜೆ ಮುಗಿಯುವ ತನಕ ಕೊಟ್ಟುಬಿಟ್ಟಿದ್ದಾನೆ. ಹಾಲಿನಲ್ಲೂ ಹಾಸಿಗೆ ಹಾಕಿ ಅಂತ ಕೇಳುವವರಿದ್ದಾರೆ. ನಿನ್ನನ್ನು ಎಲ್ಲಿ ಮಲಗಿಸಲಿ? ನನಗಾದರೆ ಅಡುಗೆಮನೆ ಪಕ್ಕದ ಸಾಮಾನಿನ ರೂಮು ಸಾಕು. ಗ್ಯಾಸ್ ಸಿಲಿಂಡರಿನ ಪಕ್ಕ ಒಂದು ಮಡಚುವ ಮಂಚ ಹಾಕಿಕೊಂಡಿದ್ದೇನೆ. ಬಸ್ಸಿನ ಸೀಟಿಗಿಂತ ಎಷ್ಟೋ ವಾಸಿ.

ನನ್ನ ಬಾಯಲ್ಲಿ ಇನ್ನೂ ಪ್ಯಾಸೆಂಜರ್ ಅಂತಲೇ ಬರುತ್ತದೆ. ರಾಹುಲ್, "ಗೆಸ್ಟ್ ಅನ್ನಿ ಅಂಕಲ್" ಅಂತ ತಿದ್ದುತ್ತಾನೆ. ಇವರಲ್ಲಿ ಎಲ್ಲ ತರದವರೂ ಇದ್ದಾರೆ. ಮೊನ್ನೆ ಒಬ್ಬ ಬಿಸಿನೀರು ತಡವಾಯಿತು ಅಂತ ರೇಗಾಡಿ, "ಓನರ್‌ಗೆ ಕಂಪ್ಲೇಂಟ್ ಮಾಡ್ತೀನಿ, ನಂಬರ್ ಕೊಡು" ಅಂದ. ನಾನು, "ಓನರಮ್ಮ ನರಸೀಪುರದಲ್ಲಿ ಟೀಚರು ಸಾ, ಬಹಳ ಸ್ಟ್ರಿಕ್ಟು, ನನ್ನ ಕೆಲಸ ಕಳೀತಾರೆ" ಅಂದೆ. ಆಮೇಲೆ ಅವನು ಸ್ವಲ್ಪ ತಣ್ಣಗಾದ. ಅವತ್ತಿನಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೇನೆ. ಕೇರ್‌ಟೇಕರ್ ಅಂದುಕೊಂಡರೆ ಬೈಯುವುದೂ ಸುಲಭ, ಹೋಗುವಾಗ ಭುಜ ತಟ್ಟುವುದೂ ಸುಲಭ. ನೀನು ಬಂದರೆ ಇದೆಲ್ಲ ಗೋಜಲಾಗುತ್ತದೆ. ತಮಾಷೆಗೆ ಹೇಳಿದೆ.

ಸಂಕ್ರಾಂತಿಗೆ ನಾನೇ ಎರಡು ದಿನ ಬರುತ್ತೇನೆ.

ನಿನ್ನ
ಗಂಗಾಧರಸ್ವಾಮಿ


ತಿ. ನರಸೀಪುರ
20 ನವೆಂಬರ್ 2023

ಇವರಿಗೆ,

ರೂಮು ತುಂಬಿರುವುದು ಸಂತೋಷದ ವಿಷಯ. ನನ್ನ ಬಗ್ಗೆ ಯೋಚನೆ ಬೇಡ. ದಸರಾ ರಜೆಯಲ್ಲಿ ಇಲ್ಲೇ ಇದ್ದೆ. ಒಂದು ದಿನ ನಂಜನಗೂಡಿಗೆ ಹೋಗಿ ದೇವರ ದರ್ಶನ ಮಾಡಿ ಬಂದೆ. ನಮ್ಮ ಬೀದಿಗೂ ಹೋಗಿದ್ದೆ. ಹೊಸಬರು ಗೇಟಿಗೆ ನೀಲಿ ಬಣ್ಣ ಹೊಡೆಸಿದ್ದಾರೆ. ಬಟ್ಟೆ ಒಣಹಾಕುತ್ತಿದ್ದ ಹೆಂಗಸು ನನ್ನನ್ನು ನೋಡಿ ಏನೋ ಕೇಳಿದರು. ಹೌದು ಎಂದು ತಲೆಯಾಡಿಸಿ ಬಂದುಬಿಟ್ಟೆ.

ಸ್ವಲ್ಪ ತಲೆಸುತ್ತು ಇತ್ತು. ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿದೆ. ವಯಸ್ಸಿನದು, ಮಾತ್ರೆ ಕೊಟ್ಟಿದ್ದಾರೆ.

ಇನ್ನೊಂದು ಸಮಾಚಾರ. ಪಾಠದ ಬದಲು ನನಗೆ ಗ್ರಂಥಾಲಯವನ್ನೂ ಬಿಸಿಯೂಟದ ಉಸ್ತುವಾರಿಯನ್ನೂ ಕೊಟ್ಟಿದ್ದಾರೆ. ಹಿರಿಯ ಶಿಕ್ಷಕಿ ಅನ್ನುವ ಗೌರವಕ್ಕೆ. ಪುಸ್ತಕಗಳಿಗೆಲ್ಲ ಹೊಸ ರಟ್ಟು ಹಾಕುತ್ತಿದ್ದೇನೆ. ನನಗೆ ಈ ಕೆಲಸ ಹಿಡಿಸಿದೆ.

ನೀವು ಆ ಸಿಲಿಂಡರಿನ ಪಕ್ಕ ಮಲಗಬೇಡಿ. ಕಿಟಕಿಯನ್ನಾದರೂ ಸ್ವಲ್ಪ ತೆರೆದಿಟ್ಟುಕೊಳ್ಳಿ.

ನಿಮ್ಮ
ಮಂಗಳಗೌರಿ


ಊಟಿ
6 ಮೇ 2024

ಗೌರಿಗೆ,

ಸೀಸನ್ ಶುರುವಾಗಿದೆ, ಆದರೆ ಹೋದ ವರ್ಷದ ಹಾಗಿಲ್ಲ. ನಾಳೆಯಿಂದ ಮೇಲೆ ಬರುವ ಗಾಡಿಗಳಿಗೆಲ್ಲ ಈ-ಪಾಸ್ ಬೇಕಂತೆ. ಅದರ ಸುದ್ದಿಗೇ ಅರ್ಧ ಬುಕಿಂಗ್ ವಾಪಸ್ಸಾಗಿದೆ. ಜನ ಬಂದೇ ಬರುತ್ತಾರೆ ಬಿಡು, ಬಿಸಿಲು ಕೆಳಗೆ ಹಾಗಿದೆ.

ಸಂಕ್ರಾಂತಿಯಿಂದ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ನಾನಿದ್ದ ಎರಡು ದಿನವೂ ನೀನು ಸರಿಯಾಗಿ ಮಾತಾಡಲಿಲ್ಲ. ಹಿಂದಿನಿಂದ ಕರೆದರೆ ತಿರುಗಲಿಲ್ಲ. ಎದುರು ಕೂತಾಗ ಮಾತ್ರ ನನ್ನ ಮುಖವನ್ನೇ ನೋಡುತ್ತ ಎಲ್ಲದಕ್ಕೂ ಹೂಂ ಅಂದೆ. ದಸರೆಗೆ ಬೇಡ ಅಂದದ್ದಕ್ಕೆ ಇಷ್ಟು ದಿನದ ಸಿಟ್ಟೇ? ಇದ್ದರೆ ಬೈದುಬಿಡು. ನಿನ್ನ ಸಿಟ್ಟು ತಡೆಯಬಲ್ಲೆ. ಈ ಮೌನ ತಡೆಯಲಾರೆ.

ಒಂದು ತಮಾಷೆ ಕೇಳು. ಮೊನ್ನೆ, ಅಂದರೆ ಹೋದ ತಿಂಗಳ ಕೊನೆಯ ಭಾನುವಾರ, ಗೆಸ್ಟುಗಳ ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಆ ಯಜಮಾನ ಹಿಂದಿನಿಂದ, "ಏ, ಹುಷಾರಾಗ್ ಹಿಡಿಯಯ್ಯಾ, ಅದರಲ್ಲಿ ಗ್ಲಾಸ್ ಇದೆ" ಅಂತ ಕೂಗುತ್ತಿದ್ದ. ತಿರುಗಿ ನೋಡಿದರೆ ಕೆಳಗಿನ ತಿರುವಿನಲ್ಲಿ ಅಂಗಡಿಯ ಪಕ್ಕ ಥೇಟ್ ನಿನ್ನ ಹಾಗೇ ಒಬ್ಬಳು ನಿಂತು ನಮ್ಮ ಮನೆ ಕಡೆ ನೋಡುತ್ತಿದ್ದಳು. ಅದೇ ಹಸಿರು ಸ್ವೆಟರು. ಸೂಟ್‌ಕೇಸ್ ಕೆಳಗಿಟ್ಟೆ. ಅಷ್ಟರಲ್ಲಿ ಅವಳು ತಿರುಗಿ ಇಳಿಯತೊಡಗಿದಳು. "ಗೌರೀ" ಅಂತ ಕೂಗಿದೆ. ಹಾರ್ನ್ ಹೊಡೆದ ಹಾಗಿತ್ತು ಅಂತ ಬೆಟ್ಟಸ್ವಾಮಿ ಇವತ್ತಿಗೂ ನಗುತ್ತಾನೆ. ಅಂಗಡಿಯವನು ತಿರುಗಿದ, ಬೀದಿ ನಾಯಿ ತಿರುಗಿತು, ಅವಳು ಮಾತ್ರ ತಿರುಗಲಿಲ್ಲ. ನೀನಾಗಿದ್ದರೆ ತಿರುಗದೆ ಇರುತ್ತಿದ್ದೆಯಾ? ಯಾರೋ ಏನೋ ಪಾಪ.

ಹಿತ್ತಲಿನ ತಡೆಗೋಡೆಯಲ್ಲಿ ಸಣ್ಣದೊಂದು ಬಿರುಕು ಬಿಟ್ಟಿದೆ. ಸಿಮೆಂಟು ಹಾಕಿಸಿದ್ದೇನೆ.

ನಿನ್ನ
ಗಂಗಾಧರಸ್ವಾಮಿ


ತಿ. ನರಸೀಪುರ
15 ಮೇ 2024

ಇವರಿಗೆ,

ನನಗೆ ನಿಮ್ಮ ಮೇಲೆ ಯಾವ ಸಿಟ್ಟೂ ಇಲ್ಲ. ಇದೊಂದನ್ನು ದಯವಿಟ್ಟು ನಂಬಿ.

ಆ ಭಾನುವಾರ ನಾನು ನಂಜನಗೂಡಿನಲ್ಲಿ ಸಹೋದ್ಯೋಗಿಯ ಮಗಳ ಮದುವೆಯಲ್ಲಿದ್ದೆ. ನೀವು ನೋಡಿದವಳು ಬೇರೆ ಯಾರೋ ಇರಬೇಕು.

ಭಾರದ ಸೂಟ್‌ಕೇಸ್ ಹೊರಬೇಡಿ. ನಿಮ್ಮ ಬೆನ್ನಿಗೆ ಒಳ್ಳೆಯದಲ್ಲ.

ನಿಮ್ಮ
ಮಂಗಳಗೌರಿ


ಊಟಿ
3 ನವೆಂಬರ್ 2024

ಗೌರಿಗೆ,

ಆರು ತಿಂಗಳಿಂದ ನೀನು ಬರೆಯುವುದು ಕಡಿಮೆಯಾಗಿದೆ, ನಾನೂ ಕಡಿಮೆ ಮಾಡಿದ್ದೇನೆ. ಯಾರ ತಪ್ಪು ಅಂತ ಹುಡುಕುತ್ತ ಕೂರಲಾರೆ.

ಇಲ್ಲಿ ಮಳೆ ಬಿಡುತ್ತಿಲ್ಲ. ನಮ್ಮ ಮೇಲಿನ ಗುಡ್ಡದಲ್ಲಿ ಯಾರೋ ಹೊಸ ರೆಸಾರ್ಟ್ ಕಟ್ಟುತ್ತಿದ್ದಾರೆ. ಅಗೆದ ಮಣ್ಣನ್ನೆಲ್ಲ ತಂದು ಚರಂಡಿಯ ಬಾಯಿಗೆ ಸುರಿದಿದ್ದಾರೆ. ಬೆಟ್ಟಸ್ವಾಮಿ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. "ನೀವೇ ನೋಡಿ ಸ್ವಾಮೇರಾ. ಚರಂಡಿ ಮುಚ್ಚೋಗದೆ. ಆ ನೀರು ಎಲ್ಲಿಗ್ ಓಗ್ಬೇಕು ಏಳಿ? ನಿಮ್ ಗೋಡೆಗೇ ಬರ್ಬೇಕು" ಅಂದ. ಸಿಮೆಂಟು ಹಾಕಿಸಿದ್ದ ಬಿರುಕು ಮತ್ತೆ ಬಿಟ್ಟಿದೆ. ಈಗ ನನ್ನ ಕೈ ಒಳಗೆ ಹೋಗುತ್ತದೆ. ಹಿಂದಿನ ರೂಮಿನ ಬಾಗಿಲು ಮುಚ್ಚಿಕೊಳ್ಳುತ್ತಿಲ್ಲ.

ನಿನಗೆ ಇದನ್ನೆಲ್ಲ ಮೊದಲೇ ಬರೆಯಬೇಕಿತ್ತು. ಏನಂತ ಬರೆಯಲಿ? ಇದ್ದ ಮನೆ ಮಾರಿಸಿ ತಂದು ಇಲ್ಲಿ ಹಾಕಿದವನು ನಾನು.

ಗೆಸ್ಟುಗಳಿಗೆ ಬೇಡ ಅಂದಿದ್ದೇನೆ. ನನ್ನ ಬುದ್ಧಿಗೆ ಏನೂ ಹೊಳೆಯುತ್ತಿಲ್ಲ. ತುರ್ತು ಬಂದರೆ ಪತ್ರಕ್ಕೆ ಕಾಯಲಾಗುವುದಿಲ್ಲ, ಫೋನ್ ಮಾಡುತ್ತೇನೆ. ಎತ್ತು.

ಗಂಗಾಧರಸ್ವಾಮಿ


ಊಟಿ
24 ನವೆಂಬರ್ 2024

ಗೌರಿ,

ಬೆಟ್ಟಸ್ವಾಮಿ ಹೋಗಿಬಿಟ್ಟ.

ನಾನು ಫೋನ್ ಮಾಡಿದ ದಿನ ಬೆಳಿಗ್ಗೆ ಸರ್ಕಾರದವರು ಬಂದು ನಮ್ಮ ಸಾಲಿನ ಮನೆಗಳನ್ನು ನೋಡಿ, ಇವತ್ತೇ ಖಾಲಿ ಮಾಡಿ ಅಂತ ಹೇಳಿ ಹೋಗಿದ್ದರು. ಅದಕ್ಕೇ ಫೋನ್ ಮಾಡಿದ್ದು. ನಾನು ಕೇಳಿದ್ದಕ್ಕೆ ನೀನು ಒಂದು ಕ್ಷಣವೂ ಯೋಚಿಸಲಿಲ್ಲ. "ಬೇಡ ರೀ, ಈಗ ಬೇಡ. ಅಲ್ಲೇ ಇರಿ. ನಾನ್ ಚೆನ್ನಾಗಿದೀನಿ" ಅಂದೆ. ಇನ್ನೊಂದು ಸಲ ಕೇಳಿದೆ. ಅದೇ ಮಾತು ಅಂದು ಕಟ್ ಮಾಡಿದೆ.

ಸರಿ, ಗೌರಿಗೆ ಇದು ಉಳಿಸಿಕೊಳ್ಳಬೇಕು ಅಂತಿದೆ, ಉಳಿಸೋಣ ಅಂದುಕೊಂಡೆ. ಹೋಗಿ ಮರಳಿನ ಚೀಲ ತಂದೆ. ಬೆಟ್ಟಸ್ವಾಮಿ, ಶಾಂತಿ ತಮ್ಮ ಸಾಮಾನು ಕಟ್ಟಿಕೊಂಡು ಕೆಳಗಿನ ಶಾಲೆಗೆ ಹೋದರು. ನಾನು ಹೋಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಬೆಟ್ಟಸ್ವಾಮಿ ನನ್ನನ್ನು ಕರೆಯಲು ಬಂದ. ಶಾಂತಿ ಫ್ಲಾಸ್ಕಿನಲ್ಲಿ ಟೀ ಕೊಟ್ಟು ಕಳಿಸಿದ್ದಳು. "ಸಾಕು ಬನ್ನಿ ಸ್ವಾಮೇರಾ, ಮನೆ ಓದ್ರೆ ಇನ್ನೊಂದು. ಟೀ ಕುಡ್ದು ಒಂಟೋಗನ" ಅಂದ. ನಾನು, ಇನ್ನು ನಾಲ್ಕು ಚೀಲ ಇದೆ, ಇಟ್ಟು ಬರುತ್ತೇನೆ ಅಂದೆ. ಅವನು ನನ್ನನ್ನು ಜಗಲಿಯಲ್ಲಿ ಕೂರಿಸಿ, "ನೀವ್ ಕುಡೀರಿ, ನಾನ್ ಇಡ್ತೀನಿ" ಅಂತ ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಹೋದ. ನಾನು ಟೀ ಬಗ್ಗಿಸಿಕೊಳ್ಳುತ್ತಿದ್ದೆ. ಲಾರಿಯಿಂದ ಜಲ್ಲಿ ಸುರಿದ ಹಾಗೆ ಶಬ್ದವಾಯಿತು, ಅಷ್ಟೇ. ಎದ್ದು ನೋಡಿದರೆ ಹಾಲಿನ ಆಚೆಗೆ ಮನೆ ಇರಲಿಲ್ಲ, ಮಣ್ಣಿತ್ತು.

ನಾನು ಕೈಯಲ್ಲೇ ಕೆದಕಿದೆ. ಜನ ಬಂದರು. ಮಧ್ಯಾಹ್ನದ ಹೊತ್ತಿಗೆ ತೆಗೆದರು. ಶಾಂತಿ ಅಲ್ಲೇ ನಿಂತಿದ್ದಳು.

ನನಗೆ ಒಂದು ಗೀರೂ ಆಗಿಲ್ಲ.

ನೀನು ಅಲ್ಲೇ ಇರಿ ಅಂದೆ, ನಾನು ಇದ್ದೆ. ನಾನಿದ್ದದ್ದಕ್ಕೆ ಅವನು ಬಂದ. ನಿನಗೆ ಇದನ್ನು ಬರೆಯಬಾರದು ಅಂತ ನಾಲ್ಕು ದಿನ ಸುಮ್ಮನಿದ್ದೆ. ಆಗಲಿಲ್ಲ. ಒಂದು ಸಲವಾದರೂ "ಏನಾಯ್ತು ರೀ" ಅಂತ ಕೇಳಬಾರದಿತ್ತೇ ನೀನು?

ಗಂ.


ತಿ. ನರಸೀಪುರ
30 ನವೆಂಬರ್ 2024

ಇವರಿಗೆ,

ನಿಮ್ಮ ಪತ್ರ ಓದಿದ ತಕ್ಷಣ ಇದ್ದ ಸೀರೆಯಲ್ಲೇ ಹೊರಟೆ. ನಂಜನಗೂಡು ಬಸ್ ಸ್ಟ್ಯಾಂಡಿನ ತನಕ ಬಂದೆ. ಊಟಿ ಬಸ್ಸು ಬಂತು. ಹತ್ತಲಿಲ್ಲ. ನಾನು ಎದುರು ಬಂದು ನಿಲ್ಲುವ ಮೊದಲು ನೀವು ಇದನ್ನು ಓದಬೇಕು ಅನ್ನಿಸಿ ವಾಪಸ್ಸು ಬಂದೆ.

ನನಗೆ ಕಿವಿ ಕೇಳಿಸುವುದಿಲ್ಲ.

ಮನೆಯ ರಿಜಿಸ್ಟ್ರೇಷನ್‌ಗೆ ಹಿಂದಿನ ವಾರ ಮೈಸೂರಿನಲ್ಲಿ ಡಾಕ್ಟರು ಹೇಳಿದರು, ಇದು ನರದ ತೊಂದರೆ, ಹೋಗುತ್ತಾ ಹೋಗುತ್ತಾ ಪೂರ್ತಿ ಹೋಗುತ್ತದೆ ಅಂತ. ಆಗಲೇ ಫೋನಿನ ಮಾತು ತಿಳಿಯುತ್ತಿರಲಿಲ್ಲ. ನಿಮಗೆ ಹೇಳಿದ್ದರೆ ನೀವು ಮನೆಯ ಮಾತನ್ನೇ ಬಿಟ್ಟುಬಿಡುತ್ತಿದ್ದಿರಿ. ನನ್ನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದುಕೊಂಡು ತಿರುಗುತ್ತಿದ್ದಿರಿ. ಅವತ್ತು ನೀವು ರಿಜಿಸ್ಟ್ರೇಷನ್ನಿಗೆಂದು ಹೊಸ ಷರಟು ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟುಕೊಂಡಿದ್ದಿರಿ. ನನಗೆ ಬಾಯಿ ಬರಲಿಲ್ಲ. ಇನ್ನೂ ಮೂರು ವರ್ಷ ಎಳೆದರೆ ಪಿಂಚಣಿ ಸಿಗುತ್ತದೆ, ಆಮೇಲೆ ಜಗಲಿಯಲ್ಲಿ ನಾವಿಬ್ಬರೇ ಎದುರುಬದುರು ಕೂತಿರುತ್ತೇವೆ, ತುಟಿ ನೋಡಿ ತಿಳಿದುಕೊಂಡರಾಯಿತು ಅಂದುಕೊಂಡೆ. ಪತ್ರ ಬರೆಯಿರಿ ಅಂದದ್ದು ಅದಕ್ಕೇ. ನೀವು ಅದನ್ನು ಪ್ರೀತಿ ಅಂದುಕೊಂಡಿರಿ. ಪ್ರೀತಿಯೂ ಇತ್ತು.

ಚೀಟಿಯ ಪದ್ಧತಿ ಪಾಠಕ್ಕಾಗಿ ಅಲ್ಲ. ಗ್ರಂಥಾಲಯ ಕೊಟ್ಟದ್ದು ಗೌರವಕ್ಕೂ ಅಲ್ಲ. ಮಕ್ಕಳ ತಂದೆತಾಯಿ ಬಂದು, ಈ ಮೇಡಮ್ಮಿಗೆ ಕಿವಿ ಕೇಳದು ಅಂತ ಹೇಳಿ ಹೋಗಿದ್ದರು.

ಏಪ್ರಿಲಿನ ಆ ಭಾನುವಾರ ಬಂದವಳು ನಾನೇ. ಎಲ್ಲ ಹೇಳಿಬಿಡೋಣ ಅಂತಲೇ ಬಂದೆ. ತಿರುವಿನಲ್ಲಿ ನಿಂತು ನೋಡಿದರೆ ನೀವು ಯಾರದೋ ಸಾಮಾನು ಹೊತ್ತು ಬಗ್ಗಿ ಹತ್ತುತ್ತಿದ್ದಿರಿ. ಹಿಂದೆ ಒಬ್ಬ ಕೈಯಾಡಿಸಿ ಬೈಯುತ್ತಿದ್ದದ್ದು ಕಂಡಿತು. ಓನರಮ್ಮ ಅನ್ನುವ ನಿಮ್ಮ ತಮಾಷೆ ನೆನಪಾಯಿತು. ಇಷ್ಟರ ಮೇಲೆ ನನ್ನ ಕಿವಿಯನ್ನೂ ಇವರ ತಲೆಯ ಮೇಲೆ ಹೇಗೆ ಹೊರಿಸಲಿ ಅಂತ ತಿರುಗಿ ಹೊರಟೆ. ನೀವು ಕೂಗಿದ್ದು ನನಗೆ ಗೊತ್ತಾದದ್ದು ನಿಮ್ಮ ಪತ್ರದಿಂದ.

ಅವತ್ತು ಫೋನಿನಲ್ಲಿ ನಿಮ್ಮ ಹೆಸರು ಕಂಡಿತು. ಎತ್ತದಿದ್ದರೆ ಗಾಬರಿಯಾಗುತ್ತೀರಿ ಅಂತ ಎತ್ತಿದೆ. ದೂರದಲ್ಲಿ ಗಾಳಿ ಬೀಸಿದ ಹಾಗಿತ್ತು, ಮಾತು ಅಂತ ಏನೂ ಇಲ್ಲ. ನನ್ನನ್ನು ನೋಡಲು ಬರುತ್ತೇನೆ ಅನ್ನುತ್ತಿರಬಹುದು ಅಂದುಕೊಂಡೆ. ಬಂದರೆ ಈ ಸಲ ಮುಚ್ಚಿಡಲಾಗುವುದಿಲ್ಲ. ಅದಕ್ಕೇ ಬೇಡ ಅಂದೆ. ಗೋಡೆಯ ವಿಷಯ ನನಗೆ ಆಗ ತಿಳಿದಿರಲಿಲ್ಲ. ಶಾಲೆಯ ವಿಳಾಸಕ್ಕೆ ಬಂದಿದ್ದ ನಿಮ್ಮ ಮೂರನೆಯ ತಾರೀಖಿನ ಪತ್ರ ಆಫೀಸಿನಲ್ಲಿ ಬಿಸಿಯೂಟದ ರಸೀತಿಗಳ ನಡುವೆ ಸೇರಿಹೋಗಿತ್ತು. ಅದು ನನ್ನ ಮೇಜಿಗೆ ಬಂದದ್ದು ಇಪ್ಪತ್ತೈದಕ್ಕೆ.

ಇದನ್ನೆಲ್ಲ ಕ್ಷಮೆಗೆ ಬರೆಯುತ್ತಿಲ್ಲ. ಬೆಟ್ಟಸ್ವಾಮಿಯವರನ್ನು ನಾನು ಒಂದು ಸಲವೂ ನೋಡಲಿಲ್ಲ. ಅವರು ಕೊಟ್ಟ ಸಾರಿನ ಸುದ್ದಿ ಮಾತ್ರ ಓದಿದವಳು.

ನೀವು ಅವತ್ತು ಏನು ಕೇಳಿದಿರಿ? ಒಂದಕ್ಷರ ಬಿಡದೆ ಬರೆದು ತಿಳಿಸಿ.

ಮಂಗಳಗೌರಿ


ಊಟಿ
19 ಡಿಸೆಂಬರ್ 2024

ಗೌರಿಗೆ,

ನಿನ್ನ ಪತ್ರ ಜೇಬಿನಲ್ಲೇ ಇದೆ. ಇಷ್ಟು ದಿನ ಉತ್ತರ ಬರೆಯಲು ಕೈ ಏಳಲಿಲ್ಲ. ನಿನ್ನ ಮೇಲೆ ಕೋಪವಿದೆಯೇ ಅಂತ ನೋಡಿಕೊಂಡೆ, ಸಿಗಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಹಿಡಿದುಕೊಳ್ಳಲು ಅದಾದರೂ ಇರುತ್ತಿತ್ತು. ಸಂಕ್ರಾಂತಿಯಲ್ಲಿ ಎರಡು ದಿನ ನಿನ್ನ ಎದುರೇ ಕೂತಿದ್ದೆ. ರಸ್ತೆಯಲ್ಲಿ ಸಣ್ಣ ಗುಂಡಿ ಇದ್ದರೂ ದೂರದಿಂದ ಗುರುತು ಹಿಡಿಯುತ್ತಿದ್ದ ಕಣ್ಣು ಇದು. ಹೆಂಡತಿಗೆ ಕಿವಿ ಹೋದದ್ದನ್ನು ನೋಡಲಿಲ್ಲ.

ಮನೆಯ ಉಳಿದ ಭಾಗವನ್ನೂ ಕೆಡವುತ್ತಾರೆ. ಆ ಜಾಗದಲ್ಲಿ ಇನ್ನು ಯಾರೂ ಕಟ್ಟುವ ಹಾಗಿಲ್ಲವಂತೆ. ಸಹಿ ಹಾಕಿದ್ದೇನೆ. ಬ್ಯಾಂಕಿನವರು ಪಿಂಚಣಿಯಲ್ಲಿ ಹಿಡಿದುಕೊಳ್ಳುತ್ತಾರೆ. ಅದರ ಮಾತು ಬೇಡ.

ನಾನು ಶಾಂತಿಯ ಮನೆಯ ಮುಂದಿನ ರೂಮಿನಲ್ಲಿದ್ದೇನೆ. ಅವರ ಮನೆಗೆ ಏನೂ ಆಗಿಲ್ಲ, ನೋಡು. ಬೆಟ್ಟಸ್ವಾಮಿ ಗುತ್ತಿಗೆಗೆ ಹಿಡಿದಿದ್ದ ತೋಟದಲ್ಲಿ ಕ್ಯಾರೆಟ್ ಹಾಗೇ ನಿಂತಿತ್ತು. ನಾನು ಕೀಳುತ್ತಿದ್ದೇನೆ. ಶಾಂತಿ ಒಂದು ಮಾತೂ ಆಡುವುದಿಲ್ಲ. ತಟ್ಟೆ ತಂದು ಇಡುತ್ತಾಳೆ, ಹೋಗುತ್ತಾಳೆ. ಬೈದುಬಿಡಮ್ಮಾ ಅಂತ ಕೈಮುಗಿದೆ. ಬೈಯಲಿಲ್ಲ. ನಿನ್ನೆ ಮೊದಲ ಸಲ ಬಾಯಿ ಬಿಟ್ಟು, "ನಿಮ್ಮೆಂಡ್ರು ಅಲ್ಲಿ ಒಬ್ರೇ ಅವ್ರಾ?" ಅಂದಳು. ಹೂಂ ಅಂದೆ. ಅಷ್ಟೇ, ಒಳಗೆ ಹೋದಳು.

ಅವಳಿಗೆ ಫೋನಿನ ಸಂಗತಿ ಹೇಳಿಲ್ಲ. ನಾನು ಮಾತು ಕೇಳದೆ ಹಟಕ್ಕೆ ಉಳಿದೆ ಅಂತಲೇ ಅವಳು ತಿಳಿದಿದ್ದಾಳೆ. ಹಾಗೇ ಇರಲಿ.

ನಾನು ಕೇಳಿದ್ದು ಇಷ್ಟೇ. "ಗೌರಿ, ಎಲ್ಲಾ ಬಿಟ್ಬಿಟ್ಟು ಬಂದ್ಬಿಡ್ಲಾ? ಬೀಗ ಹಾಕ್ಕೊಂಡು ಇವತ್ತೇ ಬಂದ್ಬಿಡ್ಲಾ?" ಎರಡನೆಯ ಸಲವೂ ಅದನ್ನೇ ಕೇಳಿದೆ. ಸ್ವಲ್ಪ ಜೋರಾಗಿ.

ಕೇಳಿಸಿದ್ದಿದ್ದರೆ ಏನು ಅನ್ನುತ್ತಿದ್ದೆ? ಅದನ್ನೊಂದು ತಿಳಿಸು. ಹೊಲದಲ್ಲಿ ಬಗ್ಗಿದಾಗಲೆಲ್ಲ ಅದೇ ತಲೆಯಲ್ಲಿ ಬರುತ್ತದೆ.

ಗಂಗಾಧರಸ್ವಾಮಿ


ತಿ. ನರಸೀಪುರ
5 ಜನವರಿ 2025

ಇವರಿಗೆ,

ಬನ್ನಿ ಅನ್ನುತ್ತಿದ್ದೆ ಅಂತ ಬರೆದೆ. ಓದಿದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಆ ಒಂದು ಮಾತು ನಿಮಗೆ ಬೇಕಾಗಿದೆ ಅಂತ ಗೊತ್ತು. ಅದು ಸಿಕ್ಕರೆ ಎಲ್ಲವೂ ನನ್ನ ಕಿವಿಯಿಂದಾಯಿತು ಅಂತಾಗುತ್ತದೆ, ನಮ್ಮಿಬ್ಬರಿಗೂ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಆದರೆ ಒಂದೂವರೆ ವರ್ಷ ನಿಮಗೆ ಸುಳ್ಳು ಬರೆದ ಕೈಯಿಂದ ಇನ್ನೊಂದು ಬರೆಯಲಾರೆ.

ಕೇಳಿಸಿದ್ದಿದ್ದರೂ, ಇನ್ನೊಂದೆರಡು ದಿನ ನೋಡಿ ರೀ, ಮಳೆ ನಿಲ್ಲಬಹುದು ಅನ್ನುತ್ತಿದ್ದೆನೇನೋ. ನಂಜನಗೂಡಿನ ಮನೆ ಇಲ್ಲ. ನನ್ನ ಕೆಲಸ ಇವತ್ತೋ ನಾಳೆಯೋ ಅನ್ನುವ ಹಾಗಿತ್ತು. ನಿಮ್ಮನ್ನು ಈ ಒಂದು ರೂಮಿಗೆ ಕರೆಸಿಕೊಂಡರೆ ಎಲ್ಲವೂ ಬಯಲಾಗುತ್ತಿತ್ತು. ಬನ್ನಿ ಅನ್ನುವ ಧೈರ್ಯ ನನ್ನಲ್ಲಿ ಅವತ್ತು ಇತ್ತೇ ಅಂತ ಎಷ್ಟು ಹುಡುಕಿದರೂ ಖಾತ್ರಿಯಾಗುತ್ತಿಲ್ಲ. ನನಗೆ ಗೊತ್ತಿಲ್ಲ ರೀ. ಇದಕ್ಕಿಂತ ನಿಜವಾದ ಉತ್ತರ ನನ್ನ ಹತ್ತಿರ ಇಲ್ಲ.

ಶಾಲೆಯಿಂದ ಬಿಡುಗಡೆ ಮಾಡಿದ್ದಾರೆ. ಅಮೃತೇಶ್ ಅವರು ಒಂದು ಶಾಲು ಹೊದಿಸಿದರು, ಸಣ್ಣ ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟುವುದು ಕಂಡಿತು. ರೂಮು ಖಾಲಿ ಮಾಡಿದ್ದೇನೆ. ಸಾಮಾನು ಹೆಚ್ಚೇನೂ ಇರಲಿಲ್ಲ.

ಇದೇ ಹದಿಮೂರನೆಯ ತಾರೀಖು ಸೋಮವಾರ, ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮನ್ನು ವಾಪಸ್ಸು ಕರೆದುಕೊಂಡು ಬರಲು ಅಲ್ಲ. ಎಲ್ಲಿಗೆ ಅಂತ ಕರೆದುಕೊಂಡು ಬರಲಿ?

ಮೊದಲು ಶಾಂತಿಯವರ ಹತ್ತಿರ ಹೋಗೋಣ. ಫೋನಿನ ಸಂಗತಿಯನ್ನು ನೀವು ಹೊತ್ತುಕೊಂಡು ಇಟ್ಟುಕೊಳ್ಳುವುದು ಬೇಡ, ಅವರಿಗೆ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಆಗ ಅವರು ಏನಾದರೂ ಅನ್ನುತ್ತಾರೆ. ಅನ್ನಲಿ. ಅಳುತ್ತಾ ಅಂದರೆ ತುಟಿ ನೋಡಿ ನನಗೆ ತಿಳಿಯುವುದಿಲ್ಲ. ನೀವು ಪಕ್ಕದಲ್ಲಿ ಕೂತು, ಅವರು ಅಂದದ್ದನ್ನೆಲ್ಲ, ನನಗೆ ನೋವಾಗುತ್ತದೆ ಅಂತ ಒಂದು ಮಾತೂ ಬಿಡದೆ, ಬರೆದು ಕೊಡಬೇಕು.

ನಿಮ್ಮ
ಮಂಗಳಗೌರಿ